ನಾಯಿ ನಮಗಾಗಿ ಕಾಯುತ್ತದೆಯೇ? ಅಳುತ್ತದೆಯೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಬೆಳಕು ಹರಿಯುವ ಮುಂಚೆಯೇ ಮಾರಿಕುಪ್ಪಂನಿಂದ ಬೆಂಗಳೂರಿನ ಕಡೆ ರೈಲು ಹೊರಡುತ್ತದೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನ ಹತ್ತುತ್ತಾರೆ. ಬಂಗಾರಪೇಟೆ ಬರುವಷ್ಟರಲ್ಲಿ ಕೂರಲು ಜಾಗ ಇರುವುದಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಈ ರೈಲಿನ ಮೇಲೇ ನಿಂತಿದೆ. ಬೆಳಗ್ಗೆ ಹೋದವರು ಮನೆ ಸೇರುವುದು ರಾತ್ರಿ.

ಇಂಥ ಮನೆಗಳಲ್ಲಿ ನಾಯಿ ಇದ್ದರೆ ಅಲ್ಲಿನವರು ಒಂದು ಮಾತು ಹೇಳುತ್ತಾರೆ: "ರೈಲು ಬರೋ ಹೊತ್ತು ಇದಕ್ಕೆ ಗೊತ್ತಾಗುತ್ತೆ. ಬಾಗಿಲ ಹತ್ತಿರ ಹೋಗಿ ಕೂತುಬಿಡುತ್ತೆ." ಅದೇ ಹೊತ್ತಿಗೆ ಕಿಸೆಯಲ್ಲಿನ ಫೋನಿಗೆ ಫಾರ್ವರ್ಡ್‌ಗಳು ಬರುತ್ತಿರುತ್ತವೆ. ನಾಯಿಗೆ ಯಮ ಕಾಣುತ್ತಾನೆ, ನಾಯಿ ತಪ್ಪು ಮಾಡಿದರೆ ನಾಚಿಕೊಳ್ಳುತ್ತದೆ, ಒಡೆಯ ಸತ್ತರೆ ನಾಯಿ ಕಣ್ಣೀರು ಸುರಿಸುತ್ತದೆ, ಇಲ್ಲ, ಅದಕ್ಕೆ ಬೇಕಾಗಿರುವುದು ಬರೀ ಅನ್ನ! ಒಂದಕ್ಕೊಂದು ತಾಳೆಯಾಗದ ಈ ಸಂದೇಶಗಳನ್ನು ಒಂದೊಂದಾಗಿ ನೋಡೋಣ.

ಮೊದಲೇ ಚಿಕ್ಕ ಉತ್ತರ ಹೇಳಿಬಿಡುತ್ತೇವೆ. ನಾಯಿಗೆ ಭಾವನೆಗಳಿವೆ, ಅದಕ್ಕೆ ಒಳ್ಳೆಯ ಪುರಾವೆಗಳೂ ಇವೆ. ಭವಿಷ್ಯ ಹೇಳುವ ಶಕ್ತಿ ಅದಕ್ಕಿಲ್ಲ. ನಾವು ಅದರ ಮುಖ ನೋಡಿ ಊಹಿಸುವ ಭಾವನೆಗಳಲ್ಲಿ ಕೆಲವು ಸರಿ, ಕೆಲವು ಪೂರ್ತಿ ತಪ್ಪು. ಈ ತಪ್ಪಿಗೆ ಪೆಟ್ಟು ತಿನ್ನುವುದು ನಾಯಿ, ಕೆಲವೊಮ್ಮೆ ನಮ್ಮ ಮಕ್ಕಳು.

1. "ಒಡೆಯ ಬರುವ ಹೊತ್ತು ನಾಯಿಗೆ ಗೊತ್ತಾಗುತ್ತದೆ"

ನಿಜ. ಆದರೆ ಇದರಲ್ಲಿ ಪವಾಡವಿಲ್ಲ.

ನಾಯಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೆ ದಿನದ ಲಯ ಚೆನ್ನಾಗಿ ಗೊತ್ತು. ಸಂಜೆ ದೀಪ ಹಚ್ಚುವುದು, ಕುಕ್ಕರ್ ಕೂಗುವುದು, ಮಕ್ಕಳು ಆಟ ಮುಗಿಸಿ ಒಳಗೆ ಬರುವುದು, ದೂರದಲ್ಲಿ ರೈಲು ಕೂಗುವುದು, ಬೀದಿ ಕೊನೆಯಲ್ಲಿ ಒಂದು ಪರಿಚಿತ ಹೆಜ್ಜೆ ಸದ್ದು ಕೇಳುವುದು. ಇವೆಲ್ಲ ಸೇರಿ ಅದಕ್ಕೆ "ಇನ್ನೇನು ಬಂದರು" ಎನ್ನುವ ಸುಳಿವು ಕೊಡುತ್ತವೆ. ನಮಗೆ ಕೇಳಿಸದ ಸದ್ದು ಅದಕ್ಕೆ ಕೇಳಿಸುತ್ತದೆ, ನಮಗೆ ಸಿಗದ ವಾಸನೆ ಅದಕ್ಕೆ ಸಿಗುತ್ತದೆ.

ನಾವು ಎಷ್ಟು ಹೊತ್ತು ಇರಲಿಲ್ಲ ಎಂಬುದರ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತದೆ. 2011ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಅಧ್ಯಯನದಲ್ಲಿ ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಹೀಗೆ ಬೇರೆ ಬೇರೆ ಅವಧಿಗೆ ಮನೆಯಲ್ಲಿ ಒಂಟಿಯಾಗಿ ಬಿಟ್ಟು ಗಮನಿಸಿದರು. ಅರ್ಧ ಗಂಟೆಗಿಂತ ಎರಡು ಗಂಟೆ ಬಿಟ್ಟು ಬಂದಾಗ ಅವು ಒಡೆಯರನ್ನು ಹೆಚ್ಚು ಸಂಭ್ರಮದಿಂದ ಎದುರುಗೊಂಡವು. ಎರಡು ಗಂಟೆಗೂ ನಾಲ್ಕು ಗಂಟೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಕಾಯುವ ನಾಯಿ ಎಂದ ಕೂಡಲೇ ಎಲ್ಲರಿಗೂ ಬರುವ ಫಾರ್ವರ್ಡ್ ಜಪಾನಿನ ಹಚಿಕೋ ಕಥೆ. ಇದು ಕಟ್ಟುಕಥೆಯಲ್ಲ. ಟೋಕಿಯೊದ ಪ್ರಾಧ್ಯಾಪಕ ಹಿದೆಸಾಬುರೊ ಉಯೆನೊ 1925ರ ಮೇ ತಿಂಗಳಲ್ಲಿ ಕೆಲಸಕ್ಕೆ ಹೋದವರು ಅಲ್ಲೇ ತೀರಿಕೊಂಡರು. ಅವರ ನಾಯಿ 1935ರ ಮಾರ್ಚ್‌ನಲ್ಲಿ ಸಾಯುವ ತನಕ ಶಿಬುಯಾ ನಿಲ್ದಾಣಕ್ಕೆ ಬರುತ್ತಲೇ ಇತ್ತು. ಇಬ್ಬರೂ ಒಟ್ಟಿಗೆ ಕಳೆದದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ, ಅದು ಕಾದದ್ದು ಹತ್ತಿರ ಹತ್ತಿರ ಹತ್ತು ವರ್ಷ. ನಿಲ್ದಾಣದ ಬಳಿ ಅದಕ್ಕೆ ತಿನ್ನಲು ಕೊಡುವವರೂ ಇದ್ದರು, ಹಾಗಾಗಿ ಅಭ್ಯಾಸವೂ ಸೇರಿತ್ತು. ಹಾಗೆಂದು ಅದರ ಕಾಯುವಿಕೆ ಸುಳ್ಳಾಗುವುದಿಲ್ಲ. ಪ್ರೀತಿ ಮತ್ತು ಅಭ್ಯಾಸ ಬೇರೆ ಬೇರೆಯಾಗಿ ಇರಬೇಕೆಂಬ ನಿಯಮ ಮನುಷ್ಯರಲ್ಲೂ ಇಲ್ಲ.

2. "ನಾಯಿಗೆ ಪ್ರೀತಿ ಗೀತಿ ಏನಿಲ್ಲ, ಅನ್ನ ಹಾಕಿದವರ ಹಿಂದೆ ಹೋಗುತ್ತದೆ"

ಬಹುಮಟ್ಟಿಗೆ ತಪ್ಪು.

2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಯಿಗಳನ್ನೂ ಅವುಗಳ ಒಡೆಯರನ್ನೂ ಅರ್ಧ ಗಂಟೆ ಒಂದೇ ಕೋಣೆಯಲ್ಲಿ ಬಿಟ್ಟರು. ಯಾವ ಜೋಡಿಗಳು ಹೆಚ್ಚು ಹೊತ್ತು ಒಬ್ಬರ ಕಣ್ಣನ್ನು ಒಬ್ಬರು ನೋಡಿದವೋ ಆ ಜೋಡಿಗಳಲ್ಲಿ ನಾಯಿಗೂ ಮನುಷ್ಯರಿಗೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿತ್ತು. ಹೆರಿಗೆಯಲ್ಲಿ, ಎದೆಹಾಲು ಕೊಡುವಾಗ ತಾಯಿಯ ಮೈಯಲ್ಲಿ ಕೆಲಸ ಮಾಡುವ ಹಾರ್ಮೋನು ಇದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಈ ಏರಿಕೆ ಕಾಣಲಿಲ್ಲ. ನಮ್ಮ ಜತೆ ಸಾವಿರಾರು ವರ್ಷ ಬಾಳಿದ ನಾಯಿ ತಾಯಿ ಮಗುವಿನ ನಡುವಿನ ಈ ಹಾದಿಯನ್ನೇ ಹಿಡಿದು ನಮ್ಮ ಹತ್ತಿರ ಬಂದಿದೆ ಎಂಬುದು ವಿಜ್ಞಾನಿಗಳ ವಿವರಣೆ.

ಅದೇ ವರ್ಷ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ತಂಡ ಇನ್ನೊಂದು ಫಲಿತಾಂಶ ಪ್ರಕಟಿಸಿತು. ಸ್ಕ್ಯಾನಿಂಗ್ ಯಂತ್ರದಲ್ಲಿ ಅಲುಗಾಡದೆ ಮಲಗಲು ಕಲಿತ 12 ನಾಯಿಗಳಿಗೆ ಐದು ಬಗೆಯ ವಾಸನೆ ತೋರಿಸಿದರು: ಅದರದ್ದೇ ವಾಸನೆ, ಪರಿಚಿತ ಮನುಷ್ಯರದ್ದು, ಅಪರಿಚಿತ ಮನುಷ್ಯರದ್ದು, ಪರಿಚಿತ ನಾಯಿಯದ್ದು, ಅಪರಿಚಿತ ನಾಯಿಯದ್ದು. ಮಿದುಳಿನಲ್ಲಿ ಒಳ್ಳೆಯದರ ನಿರೀಕ್ಷೆಗೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಆಗ ಎದುರಿಗೆ ಇರಲೂ ಇಲ್ಲ.

ಇವೆಲ್ಲ ವಿದೇಶದ ಮನೆನಾಯಿಗಳ ಮಾತಾಯಿತು, ನಮ್ಮ ಬೀದಿ ನಾಯಿಗಳು? ಕೆಜಿಎಫ್‌ನ ಗಣಿ ಕಾರ್ಮಿಕರ ಸಾಲು ಮನೆಗಳಲ್ಲಾಗಲಿ ಬಂಗಾರಪೇಟೆಯ ಓಣಿಗಳಲ್ಲಾಗಲಿ ಎಷ್ಟೋ ನಾಯಿಗಳಿಗೆ ಬೆಲ್ಟೂ ಇಲ್ಲ, ಒಬ್ಬರೇ ಒಡೆಯರೂ ಇಲ್ಲ. ಒಂದು ಮನೆಯಲ್ಲಿ ಮುದ್ದೆ, ಇನ್ನೊಂದು ಮನೆಯಲ್ಲಿ ಬಿಸ್ಕತ್ತು, ಮತ್ತೊಂದು ಮನೆಯ ಜಗುಲಿಯಲ್ಲಿ ನಿದ್ದೆ. ಇಂಥ ನಾಯಿಗಳನ್ನೇ ಅಧ್ಯಯನ ಮಾಡುವವರು ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ತಂಡ. 2017ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅಪರಿಚಿತರೊಬ್ಬರು ಕೆಲವು ಬೀದಿ ನಾಯಿಗಳಿಗೆ ಮತ್ತೆ ಮತ್ತೆ ತಿನ್ನಲು ಕೊಟ್ಟರು, ಇನ್ನು ಕೆಲವಕ್ಕೆ ತಲೆ ಸವರಿದರು. ಆ ವ್ಯಕ್ತಿಯನ್ನು ಹೆಚ್ಚು ನಂಬಿ ಹತ್ತಿರ ಬಂದದ್ದು ತಲೆ ಸವರಿಸಿಕೊಂಡ ನಾಯಿಗಳು. ಅನ್ನಕ್ಕೆ ಬಂದ ನಾಯಿ ಅನ್ನ ತಿಂದು ಹೋಗಬಹುದು, ಅಕ್ಕರೆ ಕಂಡ ನಾಯಿ ಉಳಿದುಕೊಳ್ಳುತ್ತದೆ.

3. "ರಾತ್ರಿ ನಾಯಿ ಊಳಿಟ್ಟರೆ ಸಾವು ಬರುತ್ತದೆ"

ಸುಳ್ಳು.

ಊಳಿಡುವುದು ತೋಳಗಳಿಂದ ಬಂದ ಬಳುವಳಿ. ದೂರದಲ್ಲಿರುವ ತನ್ನವರಿಗೆ "ನಾನಿಲ್ಲಿದ್ದೇನೆ" ಎಂದು ತಿಳಿಸುವ ಕೂಗು ಅದು. ಒಂಟಿತನ, ಮೈನೋವು, ಬೆದೆ, ಬೇರೆ ನಾಯಿಯ ಕೂಗು, ಆಂಬುಲೆನ್ಸ್ ಸೈರನ್, ಹೀಗೆ ಕಾರಣ ಯಾವುದೂ ಆಗಬಹುದು. ಹಾಗಾದರೆ ಹಿರಿಯರ ಮಾತು ಯಾಕೆ ನಿಜವಾದಂತೆ ಕಾಣುತ್ತದೆ? ನಾಯಿಗಳು ಊಳಿಡದ ರಾತ್ರಿ ಊರಲ್ಲಿ ಕಡಿಮೆ. ಮರುದಿನ ಯಾರೂ ಸಾಯದಿದ್ದರೆ ಆ ಕೂಗು ನಮಗೆ ನೆನಪೇ ಇರುವುದಿಲ್ಲ. ಯಾರಾದರೂ ತೀರಿಕೊಂಡರೆ ಮಾತ್ರ "ನೆನ್ನೆನೇ ನಾಯಿ ಅತ್ತಿತ್ತು" ಎನ್ನುತ್ತೇವೆ.

ನಾಯಿಯ ಮೂಗಿಗೆ ನಮ್ಮ ದೇಹದ ಬದಲಾವಣೆ ತಿಳಿಯುತ್ತದೆ ಎನ್ನುವುದು ಮಾತ್ರ ನಿಜ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ 2022ರ ಅಧ್ಯಯನದಲ್ಲಿ ತರಬೇತಿ ಪಡೆದ ನಾಲ್ಕು ನಾಯಿಗಳು ಒಬ್ಬರೇ ಮನುಷ್ಯರ ಬೆವರು ಮತ್ತು ಉಸಿರಿನ ಮಾದರಿಗಳಲ್ಲಿ ಒತ್ತಡಕ್ಕೆ ಮುಂಚಿನದು ಯಾವುದು, ಒತ್ತಡದ ನಂತರದ್ದು ಯಾವುದು ಎಂದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ನೀವು ಬೇಸರದಲ್ಲಿ ಕೂತಾಗ ನಾಯಿ ಬಂದು ಕಾಲ ಬಳಿ ಮಲಗಿದರೆ ಅದು ಬರೀ ಕಾಕತಾಳೀಯ ಅಲ್ಲದಿರಬಹುದು. ಆದರೆ ಅದು ಓದುತ್ತಿರುವುದು ನಿಮ್ಮ ಮೈಯನ್ನು, ನಿಮ್ಮ ಹಣೆಬರಹವನ್ನಲ್ಲ.

4. "ನಾಯಿ ದುಃಖದಿಂದ ಕಣ್ಣೀರು ಸುರಿಸಿತು" ಎನ್ನುವ ವಿಡಿಯೊ

ಹುಷಾರಾಗಿ ನೋಡಿ.

2022ರಲ್ಲಿ ಜಪಾನಿನ ವಿಜ್ಞಾನಿಗಳು ನಾಯಿಗಳ ಕಣ್ಣಿನ ತೇವ ಅಳೆದರು. ಹಲವು ಗಂಟೆ ಬಿಟ್ಟಿದ್ದ ಒಡೆಯರನ್ನು ಮತ್ತೆ ಕಂಡಾಗ ತೇವ ಹೆಚ್ಚಿತ್ತು. ಅಂದರೆ ಅದು ಸಂತೋಷದ ತೇವ, ಅದೂ ಕೆನ್ನೆ ಮೇಲೆ ಇಳಿಯುವಷ್ಟಲ್ಲ. ದುಃಖಕ್ಕೆ ನಾಯಿ ನಮ್ಮಂತೆ ಕಣ್ಣೀರು ಹರಿಸುತ್ತದೆ ಎನ್ನಲು ಆಧಾರವಿಲ್ಲ. ನಿಮ್ಮ ನಾಯಿಯ ಕಣ್ಣಿಂದ ನೀರು ಇಳಿಯುತ್ತಲೇ ಇದ್ದರೆ ಅದು ಸೋಂಕು, ಧೂಳು, ಗಾಯ ಅಥವಾ ಅಲರ್ಜಿ ಇರಬಹುದು. ವಿಡಿಯೊ ಮಾಡುವ ಬದಲು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

5. "ತಪ್ಪು ಮಾಡಿದ ನಾಯಿ ಮುಖ ನೋಡಿದರೇ ಗೊತ್ತಾಗುತ್ತದೆ"

ತಪ್ಪು. ನಾಯಿಗೆ ಹೊಡೆತ ಬೀಳುವುದು ಇದರಿಂದಲೇ ಹೆಚ್ಚು.

ಕೆಲಸದಿಂದ ಬರುತ್ತೀರಿ. ಚಪ್ಪಲಿ ಚೂರು ಚೂರಾಗಿದೆ. ನಾಯಿ ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿ, ಕಣ್ಣು ತಪ್ಪಿಸುತ್ತದೆ. "ನೋಡು, ತಪ್ಪು ಗೊತ್ತು ಇದಕ್ಕೆ" ಎನ್ನುತ್ತೇವೆ. 2009ರಲ್ಲಿ ನ್ಯೂಯಾರ್ಕ್‌ನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನು ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ಒಡೆಯರು ಹೊರಗೆ ಹೋಗುತ್ತಿದ್ದರು. ನಾಯಿ ಕೆಲವು ಸಲ ತಿಂಡಿ ತಿಂದಿರುತ್ತಿತ್ತು, ಕೆಲವು ಸಲ ಮುಟ್ಟಿಯೂ ಇರುತ್ತಿರಲಿಲ್ಲ. ಆದರೆ ಒಳಗೆ ಬಂದ ಒಡೆಯರಿಗೆ ಸಿಗುತ್ತಿದ್ದ ಮಾಹಿತಿ ಯಾವಾಗಲೂ ಸತ್ಯವಾಗಿರುತ್ತಿರಲಿಲ್ಲ. ಫಲಿತಾಂಶ ಏನೆಂದರೆ, ಆ "ತಪ್ಪಿತಸ್ಥ ಮುಖ" ಬಂದದ್ದು ನಾಯಿ ತಪ್ಪು ಮಾಡಿದಾಗ ಅಲ್ಲ, ಒಡೆಯರು ಗದರಿದಾಗ. ಏನೂ ಮಾಡದ ನಾಯಿಯೂ ಬೈಗುಳಕ್ಕೆ ಅದೇ ಮುಖ ಮಾಡಿತು.

ಅದು ಪಶ್ಚಾತ್ತಾಪವಲ್ಲ, ಹೆದರಿಕೆ. ಗಂಟೆಗಳ ಹಿಂದೆ ಹರಿದ ಚಪ್ಪಲಿಗೂ ಈಗ ಬೀಳುವ ಏಟಿಗೂ ಇರುವ ಸಂಬಂಧ ನಾಯಿಗೆ ಹೊಳೆಯುವುದಿಲ್ಲ. ಅದು ಕಲಿಯುವುದು ಒಂದನ್ನೇ: "ಇವರು ಮನೆಗೆ ಬಂದರೆ ಭಯ." ದಿನವಿಡೀ ನಿಮಗಾಗಿ ಕಾದ ಪ್ರಾಣಿಗೆ ಈ ಪಾಠ ಬೇಡ. ಒಂಟಿಯಾಗಿ ಬಿಟ್ಟಾಗಲೆಲ್ಲ ಹರಿಯುವುದು, ಬಾಗಿಲು ಕೆರೆಯುವುದು ಮಾಡಿದರೆ ಅದು ಹಟವಲ್ಲ, ಒಂಟಿತನದ ಗಾಬರಿ ಇರಬಹುದು. ಹೊರಡುವ ಮುಂಚೆ ಒಂದು ಸುತ್ತು ನಡೆಸಿ, ಕಚ್ಚಲು ಅದರದ್ದೇ ಆಟಿಕೆ ಕೊಡಿ, ಹಗಲಲ್ಲಿ ಪಕ್ಕದ ಮನೆಯವರು ಒಮ್ಮೆ ಮಾತಾಡಿಸುವಂತೆ ಹೇಳಿ.

6. "ನಮ್ಮ ನಾಯಿಗೆ ತಮಿಳೂ ಬರುತ್ತೆ, ಕನ್ನಡಾನೂ ಬರುತ್ತೆ"

ಪೂರ್ತಿ ತಮಾಷೆಯಲ್ಲ.

ಒಂದೇ ಓಣಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಕೇಳಿಸುವ ಊರು ಕೆಜಿಎಫ್. ಅಲ್ಲಿನ ನಾಯಿಯನ್ನು ಒಬ್ಬರು "ವಾಡಾ" ಎಂದರೆ ಇನ್ನೊಬ್ಬರು "ಬಾರೋ" ಎನ್ನುತ್ತಾರೆ, ಎರಡಕ್ಕೂ ಬರುತ್ತದೆ. ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಲೌರಾ ಕುಯಾಯಾ ಎಂಬ ವಿಜ್ಞಾನಿ ಮೆಕ್ಸಿಕೊದಿಂದ ತಮ್ಮ ನಾಯಿಯೊಂದಿಗೆ ಬಂದು ನೆಲೆಸಿದಾಗ ಇದೇ ಪ್ರಶ್ನೆ ಎದ್ದಿತು. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 18 ನಾಯಿಗಳಿಗೆ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಓದು ಕೇಳಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಅವುಗಳ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತು.

ನಾಯಿಗೆ ವ್ಯಾಕರಣ ಬರುವುದಿಲ್ಲ. ಪದ ಮತ್ತು ದನಿ ಎರಡನ್ನೂ ಅದು ಗಮನಿಸುತ್ತದೆ. ಅದೇ ಬುಡಾಪೆಸ್ಟ್‌ನ 2016ರ ಇನ್ನೊಂದು ಅಧ್ಯಯನದ ಪ್ರಕಾರ ಹೊಗಳುವ ಪದವನ್ನು ಹೊಗಳುವ ದನಿಯಲ್ಲೇ ಹೇಳಿದರೆ ಮಾತ್ರ ನಾಯಿಯ ಮಿದುಳಿನ ಖುಷಿಯ ಭಾಗಗಳು ಹೆಚ್ಚು ಚುರುಕಾಗುತ್ತವೆ. ಫೋನ್ ನೋಡುತ್ತಾ ಸಪ್ಪೆಯಾಗಿ "ಜಾಣ" ಎಂದರೆ ಸಾಲದು.

7. "ಬಾಲ ಅಲ್ಲಾಡಿಸಿದರೆ ಖುಷಿ, ತಬ್ಬಿಕೊಂಡರೆ ಇನ್ನೂ ಖುಷಿ"

ಯಾವಾಗಲೂ ಅಲ್ಲ.

ಬಾಲ ಅಲ್ಲಾಡುವುದು ನಾಯಿ ಉದ್ವೇಗದಲ್ಲಿದೆ ಎಂಬುದರ ಗುರುತು. ಅದು ಸಂತೋಷವೂ ಇರಬಹುದು, ಎಚ್ಚರಿಕೆಯೂ ಇರಬಹುದು. ಮೈ ಸಡಿಲವಾಗಿ ಸೊಂಟದ ತನಕ ಬಳುಕಿದರೆ ಸ್ನೇಹ. ಮೈ ಬಿಗಿಯಾಗಿ, ಬಾಲ ನೆಟ್ಟಗೆ ನಿಂತು ತುದಿ ಮಾತ್ರ ಅಲ್ಲಾಡಿದರೆ ದೂರ ಇರಿ. ಕುತ್ತಿಗೆಗೆ ತೋಳು ಹಾಕಿ ತಬ್ಬುವುದನ್ನು ಹಲವು ನಾಯಿಗಳು ಸಹಿಸಿಕೊಳ್ಳುತ್ತವೆ, ಇಷ್ಟಪಡುವುದಿಲ್ಲ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವುದು, ಸುಮ್ಮಸುಮ್ಮನೆ ಆಕಳಿಸುವುದು "ಸಾಕು ಬಿಡು" ಎನ್ನುವ ಸೂಚನೆಗಳು. ಮಗು ನಾಯಿಯನ್ನು ತಬ್ಬಿದ ಮುದ್ದಾದ ಫೋಟೊದಲ್ಲಿ ನಾಯಿಯ ಮುಖವನ್ನೂ ಒಮ್ಮೆ ನೋಡಿ.

ಇಲ್ಲೇ ಒಂದು ಮುಖ್ಯ ಮಾತು. ಪ್ರೀತಿಯ ನಾಯಿಯಾದರೂ, ಮರಿಯಾದರೂ, ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೂ ಮುಂಚೆ ಲಸಿಕೆ ಪೂರ್ತಿ ಹಾಕಿಸಿಕೊಂಡರೆ ಕಾಪಾಡಿಕೊಳ್ಳಬಹುದು. ನಿಮ್ಮ ನಾಯಿಗೂ ಮೂರು ತಿಂಗಳಿಗೆ ಲಸಿಕೆ ಹಾಕಿಸಿ, ಮುಂದಿನದನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪಿಸಬೇಡಿ.

8. "ಮನೆ ಬದಲಿಸುವಾಗ ಬಿಟ್ಟುಹೋದರೆ ಎರಡು ದಿನದಲ್ಲಿ ಮರೆತುಬಿಡುತ್ತದೆ"

ತಪ್ಪು. ಈ ಲೇಖನದಲ್ಲಿ ಒಂದನ್ನೇ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಇಟಲಿಯಲ್ಲಿ ಎರಡು ಅಥವಾ ಹೆಚ್ಚು ನಾಯಿ ಸಾಕಿ ಒಂದನ್ನು ಕಳೆದುಕೊಂಡ 426 ಜನರನ್ನು ಕೇಳಿ ಮಾಡಿದ, 2022ರಲ್ಲಿ ಪ್ರಕಟವಾದ ಅಧ್ಯಯನವಿದೆ. ಉಳಿದ ನಾಯಿಯಲ್ಲಿ ಬದಲಾವಣೆ ಕಂಡಿತು ಎಂದವರು ಶೇ. 86. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಹೆಚ್ಚು, ಹೆದರಿಕೆ ಹೆಚ್ಚು. ಸಾವು ಎಂದರೇನೆಂದು ನಾಯಿಗೆ ಅರ್ಥವಾಗುತ್ತದೆ ಎಂದು ಇದರಿಂದ ಹೇಳಲಾಗದು. ಜತೆಗಿದ್ದವರು ಇಲ್ಲವಾದರು ಎಂಬುದು ಮಾತ್ರ ಅದಕ್ಕೆ ತಟ್ಟುತ್ತದೆ.

ಕೆಲಸಕ್ಕಾಗಿ ಬೆಂಗಳೂರಿಗೇ ಮನೆ ಮಾಡಿಕೊಂಡು ಹೋಗುವ ಕುಟುಂಬಗಳು ಕೆಜಿಎಫ್, ಬಂಗಾರಪೇಟೆಗಳಲ್ಲಿ ಹೊಸತಲ್ಲ. ಸಿಟಿಯ ಬಾಡಿಗೆ ಮನೆಯಲ್ಲಿ ನಾಯಿಗೆ ಒಪ್ಪಿಗೆ ಸಿಗುವುದು ಕಷ್ಟ ಎಂಬುದು ನಮಗೂ ಗೊತ್ತು. ಹಾಗೆಂದು ಬೀಗ ಹಾಕಿದ ಮನೆ ಮುಂದೆ ಬಿಟ್ಟುಹೋಗುವುದು ಪರಿಹಾರವಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಕರೆದೊಯ್ಯಲು ಆಗುವುದಾದರೆ ಅದರ ಹಳೆಯ ಗೋಣಿಚೀಲ, ತಟ್ಟೆ ಜತೆಗೇ ಇರಲಿ, ಊಟದ ಹೊತ್ತು ಬದಲಾಗದಿರಲಿ. ಆಗದಿದ್ದರೆ ಹೊರಡುವ ಕೆಲವು ವಾರ ಮುಂಚೆಯೇ ಅದಕ್ಕೆ ಪರಿಚಯವಿರುವ ಮನೆ ಹುಡುಕಿ. ದಿನಕ್ಕೆ ಸ್ವಲ್ಪ ಹೊತ್ತು ಅಲ್ಲಿ ಬಿಟ್ಟು ಅಭ್ಯಾಸ ಮಾಡಿಸಿ. ನಿಮ್ಮದೊಂದು ಒಗೆಯದ ಹಳೆಯ ಅಂಗಿ ಅಲ್ಲಿ ಇಡಿ. ಎಮೊರಿಯ ಸ್ಕ್ಯಾನ್‌ನಲ್ಲಿ ನಾಯಿಗಳ ಮಿದುಳನ್ನು ಚುರುಕಾಗಿಸಿದ್ದೂ ಹತ್ತಿರ ಇಲ್ಲದವರ ವಾಸನೆಯೇ ಅಲ್ಲವೇ?

9. "ಒಂದು ನಾಯಿಗಾಗಿ ಇಷ್ಟು ಅಳೋದಾ?"

ಅಳಬಹುದು. ಇದು ಈಗಿನವರ ಖಯಾಲಿ ಅಲ್ಲ.

2022ರ ಜೂನ್‌ನಲ್ಲಿ ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ' ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರು ಕಣ್ಣೀರು ಹಾಕಿದ್ದು ನಿಮಗೆ ನೆನಪಿರಬಹುದು. ಅದರ ಹಿಂದಿನ ವರ್ಷ ಅವರ ಮನೆಯ ನಾಯಿ ತೀರಿಕೊಂಡಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಕೋಲಾರ ಒಂದು ಕಾಲದಲ್ಲಿ ಕುವಲಾಲಪುರ, ಗಂಗರ ಮೊದಲ ರಾಜಧಾನಿ. ಅದೇ ಗಂಗರ ದೊರೆ ಇಮ್ಮಡಿ ಬೂತುಗನ ಕಾಲದಲ್ಲಿ, ಸುಮಾರು ಕ್ರಿ.ಶ. 950ರಲ್ಲಿ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ನೆಟ್ಟರು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಹೋರಾಡಿದ್ದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ದೊಡ್ಡ ಹಂದಿಯೊಂದರ ಜತೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿಯ ಕಾದಾಟವನ್ನು ಕಲ್ಲಿನಲ್ಲಿ ಇಂದಿಗೂ ನೋಡಬಹುದು.

ಹಾಗಾಗಿ ನಾಯಿ ಸತ್ತ ಮನೆಯ ಮಗುವಿಗೆ "ಬೇರೆ ತಂದುಕೊಡ್ತೀವಿ ಬಿಡು" ಎನ್ನುವ ಮುಂಚೆ ಸ್ವಲ್ಪ ತಡೆಯಿರಿ. ಅದರ ದುಃಖ ಸುಳ್ಳಲ್ಲ. ಅತ್ತು, ನಾಯಿಯ ಬಗ್ಗೆ ಮಾತಾಡಿ, ನೆನಪಿಗೊಂದು ಗಿಡ ನೆಡಲು ಬಿಡಿ.

ಕೊನೆಗೆ

ನಾಯಿ ಯಮನನ್ನು ಕಾಣುವುದಿಲ್ಲ. ತಪ್ಪಿಗೆ ನಾಚುವುದಿಲ್ಲ. ನಮ್ಮ ಹಾಗೆ ಕಣ್ಣೀರಿಡುವುದಿಲ್ಲ. ಇವೆಲ್ಲ ನಾವು ಅದರ ತಲೆಗೆ ಕಟ್ಟಿದ್ದು. ನಮ್ಮ ವಾಸನೆ ಅದಕ್ಕೆ ನೆನಪಿರುತ್ತದೆ, ನಮ್ಮ ದನಿ ಗೊತ್ತಿರುತ್ತದೆ, ನಾವಿಲ್ಲದ ಹೊತ್ತು ಅದಕ್ಕೆ ಉದ್ದವಾಗಿರುತ್ತದೆ. ಇದು ಅದರದ್ದೇ. ರಾತ್ರಿ ರೈಲಿಳಿದು ಎಷ್ಟೇ ದಣಿದು ಬಂದರೂ ಫೋನ್ ಪಕ್ಕಕ್ಕಿಟ್ಟು ಅದರ ತಲೆ ಸವರಿ. ಬೆಳಗಿನಿಂದ ಅದು ಕಾದದ್ದು ಅಷ್ಟಕ್ಕೇ.